ಆರು ಹತ್ತರ ಬೆಳ್ಳಕ್ಕಿ

ಅವರ ಬಲಗಿವಿ ಎಡಗಿವಿಗಿಂತ ಒಂದು ಬೆರಳಿನಷ್ಟು ಹೊರಕ್ಕೆ ಬಾಗಿತ್ತು. ಮೂವತ್ತು ವರ್ಷ ಅದರ ಹಿಂದೆ ಬಾಲ್‌ಪೆನ್ನು ಸಿಕ್ಕಿಸಿ ಸಿಕ್ಕಿಸಿ ಆದದ್ದು. ನಿವೃತ್ತಿಯ ಮೇಲೂ ಪೆನ್ನು ಅಲ್ಲೇ ಇತ್ತು, ಕೊರಳಲ್ಲಿ ಕರಿ ದಾರಕ್ಕೆ ಕಟ್ಟಿದ ಸೀಟಿಯೂ ಇತ್ತು. ಸ್ನಾನಕ್ಕೆ ಹೋಗುವಾಗ ಮಾತ್ರ ಎರಡನ್ನೂ ತೆಗೆದು ಕಿಟಕಿಯಲ್ಲಿ ಇಡುತ್ತಿದ್ದರು ಎಂದು ಅವರ ಹೆಂಡತಿ, ನಾನು ಚಿಗವ್ವ ಎಂದು ಕರೆಯುತ್ತಿದ್ದವರು, ಹೇಳುತ್ತಿದ್ದರು.

ಮೊದಲು ಕೂಡ್ಲಿಗಿಯಲ್ಲಿ, ಆಮೇಲೆ ಹಗರಿಬೊಮ್ಮನಹಳ್ಳಿಯಲ್ಲಿ ಅವರು ಬಸ್ ನಿಲ್ದಾಣದ ಕಂಟ್ರೋಲರ್ ಆಗಿದ್ದರು. ಕಿಟಕಿಯ ಹಿಂದೆ ಕುಳಿತು ಯಾವ ಗಾಡಿ ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು ಎಂದು ಬರೆದು, ಮೈಕಿನಲ್ಲಿ ಕೂಗುವ ಕೆಲಸ. ನಿವೃತ್ತರಾಗಿ ನಮ್ಮೂರಿಗೆ ಬಂದು ನೆಲೆಸಿದಾಗ ಆ ಹೆಸರೂ ಜೊತೆಗೇ ಬಂತು. ಊರಿಗೆಲ್ಲ ಅವರು ಕಂಟ್ರೋಲರು. ಪಕ್ಕದ ಮನೆಯವಳಾದ ನನಗೆ ಕಾಕಾ. ನಾನು ಇಲ್ಲಿನ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದ್ದರಿಂದ ಅವರಿಗೆ ನಾನು ‘ಟೀಚರ್ರ’. ಮಗಳ ವಯಸ್ಸಿನವಳಾದರೂ ಬಹುವಚನ ತಪ್ಪಿಸಿದವರಲ್ಲ.

ನಮ್ಮ ಕಡೆ ಸಮುದ್ರವಿಲ್ಲ. ನಮ್ಮ ಕಡಲೆಂದರೆ ತುಂಗಭದ್ರೆಯ ಹಿನ್ನೀರು. ಬೇಸಿಗೆ ಮುಗಿಯುತ್ತ ಬಂದಂತೆ ಅದು ದಿನಕ್ಕಿಷ್ಟು ಹಿಂದೆ ಸರಿದು, ಬಿರಿದ ಕೆಸರಿನ ಉದ್ದನೆಯ ದಂಡೆಯನ್ನು ಬಿಟ್ಟುಹೋಗುತ್ತದೆ. ನಿವೃತ್ತಿಯ ಮರುದಿನ ಮಾಡಲು ಕೆಲಸವಿಲ್ಲದೆ ಕಂಟ್ರೋಲರು ಆ ದಂಡೆಗೆ ಹೋಗಿ ನಿಂತರಂತೆ. ಆರು ಹತ್ತಕ್ಕೆ ಒಂದು ಹಿಂಡು ಬೆಳ್ಳಕ್ಕಿ ಬಂದು ಇಳಿಯಿತು. ಮಾರನೆಯ ದಿನವೂ ಆರು ಹತ್ತು. ಮೂರನೆಯ ದಿನವೂ ಅಷ್ಟೇ. “ಮೂವತ್ತು ವರ್ಷ ಮೈಕಿನ್ಯಾಗ ಒದರಿದೆ ಟೀಚರ್ರ, ಒಂದು ಗಾಡಿ ಹಿಂಗ ಟೈಮಿಗೆ ಬರಲಿಲ್ಲ,” ಎಂದು ನನ್ನೆದುರು ಹೇಳುವಾಗಲೂ ಅವರ ದನಿಯಲ್ಲಿ ನೋವಿತ್ತು. ನಾಲ್ಕನೆಯ ದಿನ ಹಗರಿಬೊಮ್ಮನಹಳ್ಳಿಗೆ ಹೋಗಿ ದಪ್ಪ ರಟ್ಟಿನ ರಿಜಿಸ್ಟರ್ ತಂದು, ಸ್ಕೇಲಿನಿಂದ ಗೆರೆ ಎಳೆದರು. ಬಂದ ವೇಳೆ, ಹೋದ ವೇಳೆ, ಎಲ್ಲಿಂದ, ಎಲ್ಲಿಗೆ, ಷರಾ.

ಹಳೆಯ ಪಂಪ್‌ಹೌಸಿನಿಂದ ಮೀನುಗಾರರು ತೆಪ್ಪ ಕಟ್ಟುವ ಜಾಲಿಗಿಡದವರೆಗಿನ ದಂಡೆ ಅವರ ರೂಟು. ನಡುವೆ ಮೂರು ಸ್ಟಾಪು, ಒಂದೊಂದಕ್ಕೂ ಒಂದು ಗೂಟ. ನೀರು ಹಿಂದೆ ಸರಿದಂತೆ ಗೂಟಗಳನ್ನೂ ಕಿತ್ತು ಮುಂದೆ ನೆಡುತ್ತಿದ್ದರು. ಆ ದಿನದ ಪುಟದಲ್ಲಿ ‘ನಿಲ್ದಾಣ ಸ್ಥಳಾಂತರಿಸಲಾಗಿದೆ, ಪ್ರಯಾಣಿಕರು ಗಮನಿಸುವುದು’ ಎಂಬ ಸೂಚನೆ ಇರುತ್ತಿತ್ತು. ಯಾವ ಪ್ರಯಾಣಿಕರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಷರಾ ಓದುವುದಕ್ಕೆಂದೇ ನಾನು ಸಂಜೆ ಅವರ ಮನೆಗೆ ಹೋಗುತ್ತಿದ್ದೆ. ‘ನೀರುಕಾಗೆ 6. ರೆಕ್ಕೆ ಒಣಗಿಸುವ ನೆಪದಲ್ಲಿ ವಿಶ್ರಾಂತಿ.’ ‘ಮಿಂಚುಳ್ಳಿ 1. ಎಕ್ಸ್‌ಪ್ರೆಸ್. ಎಲ್ಲಿಯೂ ನಿಲುಗಡೆ ಇಲ್ಲ.’ ‘ಬಣ್ಣದ ಕೊಕ್ಕರೆ 3. ಒಂದೇ ಕಾಲಿನ ಮೇಲೆ, ಮೇಲಧಿಕಾರಿಗಳಂತೆ.’ ರಾಜಹಂಸಗಳು ಬಂದ ವರ್ಷ ‘ಹೊರರಾಜ್ಯದ ಗಾಡಿಗಳು, ಪರ್ಮಿಟ್ ನೋಡಿಲ್ಲ’ ಎಂದಿತ್ತು. ಟಿಟ್ಟಿಭದ ಜೋಡಿಗೆ ಮಾತ್ರ ಎಂಟು ವರ್ಷವೂ ಒಂದೇ ಷರಾ: ‘ಕಾರಣವಿಲ್ಲದೆ ಹಾರ್ನ್.’

ಎಂಟು ವರ್ಷದಲ್ಲಿ ಒಂದು ದಿನವೂ ಪುಟ ತಪ್ಪಿರಲಿಲ್ಲ. ಮಗಳ ಮದುವೆಯ ದಿನ ಕೂಡ ಬೆಳಗಾಗುವ ಮುಂಚೆ ಅರಿಶಿನದ ಕೈಯಲ್ಲೇ ದಂಡೆಗೆ ಹೋಗಿದ್ದರು. ಚಿಗವ್ವ ಸಿಡಿಮಿಡಿಗೊಂಡರೆ, “ಮುಹೂರ್ತ ಒಂಬತ್ತಕ್ಕೈತಿ. ಬೆಳ್ಳಕ್ಕಿ ಆರು ಹತ್ತಕ್ಕ. ಎರಡೂ ಒಂದ ಟೈಮಿಗೆ ಇದ್ದಿದ್ರ ಆವಾಗ ವಿಚಾರ ಮಾಡಬೇಕಿತ್ತು,” ಎಂದರಂತೆ. ಆ ದಿನದ ಪುಟದ ಅಂಚಿನಲ್ಲಿ ಈಗಲೂ ಹಳದಿ ಹೆಬ್ಬೆಟ್ಟಿನ ಗುರುತಿದೆ.

ಇಂಥ ಮನುಷ್ಯನಿಗೆ ಕಣ್ಣಿನ ಪೊರೆ ಬಂತು. ಎಡಗಣ್ಣು ಮೊದಲೇ ಮಂಜು. ಒಂದು ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ ಬಲಗಣ್ಣಿನ ಪೊರೆ ತೆಗೆದ ಡಾಕ್ಟರು, ಹದಿನೈದು ದಿನ ಬಿಸಿಲು, ಧೂಳು ಕೂಡದು ಎಂದು ಕಳಿಸಿದರು. ನನಗೆ ಬೇಸಿಗೆ ರಜೆ. ಅಲ್ಲದೆ ಸಕ್ಕರೆ ಕಾಯಿಲೆಯ ಬಾಗಿಲಲ್ಲಿ ನಿಂತಿದ್ದೀರಿ, ದಿನಾ ನಡೆಯಿರಿ ಎಂದು ನನಗೂ ಒಬ್ಬ ಡಾಕ್ಟರು ಹೇಳಿಯಾಗಿತ್ತು. ಕಂಟ್ರೋಲರು ನನ್ನನ್ನು ಬದಲಿಯಾಗಿ ನೇಮಿಸಿಕೊಂಡರು. ನೇಮಕವೆಂದರೆ ಬಾಯಿಮಾತಲ್ಲ. ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಸ್ಟೂಲು ಹಾಕಿ, ಅದರ ಮೇಲೆ ರಿಜಿಸ್ಟರು, ದುರ್ಬೀನು, ಸ್ಕೇಲು, ಪೆನ್ನು ಜೋಡಿಸಿ, ‘ಚಾರ್ಜ್ ವಹಿಸಿಕೊಂಡಿದ್ದೇನೆ’ ಎಂದು ನನ್ನಿಂದ ಸಹಿ ಹಾಕಿಸಿಕೊಂಡರು. ಸೀಟಿ ಮಾತ್ರ ಕೊಡಲಿಲ್ಲ. ಅದು ಕಾಯಂ ನೌಕರರಿಗೆ ಮಾತ್ರವಂತೆ.

ಆ ವರ್ಷ ವಿಶೇಷವೊಂದಿತ್ತು. ಎರಡನೇ ಸ್ಟಾಪಿನ ಎದುರು, ನೀರಿನ ನಡುವೆ ತಲೆಯೆತ್ತಿದ್ದ ಸಣ್ಣ ಮಣ್ಣಿನ ಗಡ್ಡೆಯ ಮೇಲೆ ರೀವ ಹಕ್ಕಿಗಳು ಮೊಟ್ಟೆಯಿಟ್ಟಿದ್ದವು. ಹಳದಿ ಕೊಕ್ಕು, ಕರಿ ಟೊಪ್ಪಿಗೆ ಹಾಕಿದಂಥ ತಲೆ, ನೀರಿಗೆ ನೆಟ್ಟಗೆ ಧುಮುಕಿ ಮೀನು ಹಿಡಿಯುವ ಜಾತಿ. ಗೂಡು ಅಂದರೆ ಮಣ್ಣಿನಲ್ಲೊಂದು ಗುಳಿ, ಅಷ್ಟೇ. ಒಂಬತ್ತು ಮರಿ ಹೊರಬಂದಿದ್ದವು. ಜೂನಿನಲ್ಲಿ ಹೊಸ ನೀರು ಬಂದು ಗಡ್ಡೆ ಮುಳುಗುವುದರೊಳಗೆ ಅವು ಹಾರಬೇಕು. ಎಂಟು ವರ್ಷ ಕಾದ ಮೇಲೆ ತಮ್ಮ ರೂಟಿನಲ್ಲೇ ಹುಟ್ಟಿದ ಹಕ್ಕಿಗಳು ಎಂದು ಕಂಟ್ರೋಲರಿಗೆ ಅವುಗಳ ಮೇಲೆ ಜೀವ. “ಹೊಸ ಗಾಡಿ ಟೀಚರ್ರ, ಇನ್ನೂ ರಸ್ತೆಗೆ ಬಿಟ್ಟಿಲ್ಲ. ದಿನಾ ಎಣಸ್ರಿ,” ಎಂದು ಮೂರು ಸಲ ಹೇಳಿದರು.

ಆರು ದಿನ ನಾನು ನಿಯತ್ತಿನಿಂದ ಎಣಿಸಿದೆ. ಸಂಜೆ ಹೋಗಿ ಪುಟ ಓದಿ ಹೇಳುತ್ತಿದ್ದೆ. ಕಪ್ಪು ಕನ್ನಡಕ ಹಾಕಿಕೊಂಡು ಅವರು ರೇಡಿಯೋ ಕೇಳುವವರಂತೆ ಕೇಳುತ್ತಿದ್ದರು. ಆರನೆಯ ದಿನ ಮಾತ್ರ ಬೆಳಗ್ಗೆಯೇ ಪುಟ ಓದಿ ಹೇಳಿ, ಮಧ್ಯಾಹ್ನ ನನ್ನ ನಾದಿನಿಯ ನಿಶ್ಚಯಕ್ಕೆಂದು ಹರಪನಹಳ್ಳಿಗೆ ಹೋದವಳು ಕೊನೆಯ ಬಸ್ಸಿಗೆ ಬಂದೆ. ಹೋಳಿಗೆ ಊಟ ಬೇರೆ. ಮರುದಿನ ಕಣ್ಣು ಬಿಟ್ಟಾಗ ಎಂಟೂ ಕಾಲು.

ಎಂಟು ವರ್ಷದ ಸರಪಳಿ ನನ್ನ ಹೋಳಿಗೆಯಿಂದ ಕಡಿದುಹೋಯಿತಲ್ಲ! ಹಾಸಿಗೆಯಲ್ಲೇ ಕುಳಿತು ಹಿಂದಿನ ದಿನದ ಪುಟ ನೋಡಿ ಬರೆದೆ. ಪೂರ್ತಿ ನಕಲು ಮಾಡಿದರೆ ಸಿಕ್ಕಿಬೀಳುತ್ತೇನೆಂದು ನೀರುಕಾಗೆ ಎರಡು ಕಡಿಮೆ ಮಾಡಿದೆ, ಕೊಕ್ಕರೆ ಒಂದು ಸೇರಿಸಿದೆ. ಇಪ್ಪತ್ತು ವರ್ಷದಿಂದ ಮಕ್ಕಳ ನಕಲು ಹಿಡಿಯುತ್ತ ಬಂದವಳಿಗೆ ಇಷ್ಟು ಬುದ್ಧಿ ಇರಲೇಬೇಕು. ‘ರೀವ ಮರಿ 9. ಎಲ್ಲ ಶಾಂತ’ ಎಂದು ಮುಗಿಸಿದೆ.

ಸಂಜೆ ಓದಿ ಹೇಳಿದೆ. ಕಂಟ್ರೋಲರು ಕಪ್ಪು ಕನ್ನಡಕ ಸರಿಮಾಡಿಕೊಂಡರು.

“ಟೀಚರ್ರ, ಬೆಳ್ಳಕ್ಕಿ ಎಷ್ಟಕ್ಕ ಬಂದ್ವು?”

“ಆರು ಹತ್ತಕ್ಕ, ಕಾಕಾ.”

“ಎಷ್ಟು?”

“ಹದಿನಾಕು.”

“ಎಲ್ಲಿ ಇಳದ್ವು?”

“ಎರಡನೇ ಸ್ಟಾಪಿನ್ಯಾಗ.”

“ಮದುಮಗಳ ಮಗ್ಗಲಕ್ಕೋ, ಮದುಮಗನ ಮಗ್ಗಲಕ್ಕೋ?”

ನನಗೆ ತಲೆಬುಡ ತಿಳಿಯಲಿಲ್ಲ. ಚಹಾ ತಂದಿದ್ದ ಚಿಗವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೋಡಿದರು. ಆಮೇಲೆ ಅವರೇ ಬಂದು ಬಿಡಿಸಿ ಹೇಳಿದರು. ಆವತ್ತು ನಸುಕಿನಲ್ಲೇ ಮದುವೆಗೆ ಮುಂಚಿನ ಫೋಟೋ ತೆಗೆಸಲು ಒಂದು ಜೋಡಿ ಎರಡು ಕಾರು ಮಾಡಿಕೊಂಡು ದಂಡೆಗೆ ಬಂದಿತ್ತು. ಮದುಮಗಳ ಕೆಂಪು ಗೌನಿನ ಬಾಲ ಹತ್ತು ಮಾರುದ್ದ ಕೆಸರಿನಲ್ಲಿ. ನೀಲಿ ಹೊಗೆ, ಹಳದಿ ಹೊಗೆ. ಮೇಲೆ ಗುಂಯ್ ಎನ್ನುವ ಡ್ರೋನು. ಎಂಟರವರೆಗೆ ಒಂದು ಹಕ್ಕಿಯೂ ಆ ದಂಡೆಗೆ ಇಳಿಯಲಿಲ್ಲ. ಊರಿಗೆ ಊರೇ ಹೋಗಿ ನೋಡಿ ಬಂದಿತ್ತು, ನನ್ನ ಗಂಡನೂ ನನ್ನನ್ನು ಎಬ್ಬಿಸದೆ ಹೋಗಿ, ಅಲ್ಲಿಂದಲೇ ಕೆಲಸಕ್ಕೆ ನಡೆದಿದ್ದ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿ ಪಡಸಾಲೆಯಲ್ಲಿ ಕುಳಿತ ಕಂಟ್ರೋಲರಿಗೂ ಆ ಸದ್ದು ಕೇಳಿಸಿತ್ತು. ಗೊತ್ತಿಲ್ಲದವಳು ಊರಿಗೆ ನಾನೊಬ್ಬಳೇ.

ನಾನೂ ನಗಬೇಕೆಂದುಕೊಂಡೆ. ಅವರು ನಗುತ್ತಿರಲಿಲ್ಲ.

“ನಿನ್ನೆ ಮರಿ ಒಂಬತ್ತಿದ್ವು. ಅಷ್ಟೊತ್ತು ತಾಯಿ ಇಲ್ಲಂದ್ರ ಹದ್ದು ಬಿಡತಾವೇನು? ಇವತ್ತ ಎಷ್ಟು ಉಳದಾವು ಅನ್ನೋದು ಈ ಊರಾಗ ಯಾರಿಗೂ ಗೊತ್ತಿಲ್ಲ. ನನಗ ಕಣ್ಣಿಲ್ಲ, ನಿಮಗ ಎಚ್ಚರಿಲ್ಲ.”

“ಎಂಟು ವರ್ಷದ್ದು ತಪ್ಪಬಾರದು ಅಂತ ಬರದೆ, ಕಾಕಾ.”

“ಗಾಡಿ ಬರಲಿಲ್ಲಂದ್ರ ಬರಲಿಲ್ಲ ಅಂತ ಬರೀತೀವಿ. ಕಂಟ್ರೋಲರ್ ಬರಲಿಲ್ಲಂದ್ರ ಅದನ್ನೂ ಬರೀಬೇಕು. ಬರಲಾರದ ಗಾಡಿನ ಬಂತು ಅಂತ ಬರದ್ರ, ಅದನ್ನ ನಂಬಿ ನಿಂತ ಮಂದಿ ಏನ್ ಮಾಡ್ಬೇಕ್ರಿ?”

ಪುಟಕ್ಕೆ ಅಡ್ಡಗೆರೆ ಹೊಡೆಸಿ, ಮೇಲೆ ‘ಕಂಟ್ರೋಲರ್ ಬರಲಿಲ್ಲ’ ಎಂದು ನನ್ನ ಕೈಯಿಂದಲೇ ಬರೆಸಿದರು. ಎಂಟು ವರ್ಷದ ಹೆಮ್ಮೆಯನ್ನು ಅವರು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟರು. ದೀಪ ಹಚ್ಚುವ ಹೊತ್ತಿಗೆ ಚಿಗವ್ವನ ಕೈಯಲ್ಲಿ ನಮ್ಮ ಮನೆಗೊಂದು ಮೆಮೊ ಬಂತು. ಕಾಣದ ಕಣ್ಣಲ್ಲಿ ಬರೆದದ್ದು, ಅಕ್ಷರ ಒಂದರ ಮೇಲೊಂದು ಹತ್ತಿದ್ದವು. ಕರ್ತವ್ಯಕ್ಕೆ ಗೈರಾಗಿ ಸುಳ್ಳು ದಾಖಲೆ ಸೃಷ್ಟಿಸಿದ ಬಗ್ಗೆ ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ಕೊಡಬೇಕು. ನನ್ನ ಗಂಡ ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ಓದಿ ಹೇಳಿದ. ನಾನು ಬರೆದುಕೊಟ್ಟ ಉತ್ತರ ‘ಹೋಳಿಗೆ ಸಮಂಜಸ ಕಾರಣವಲ್ಲ’ ಎಂಬ ಷರಾದೊಂದಿಗೆ ವಾಪಸು ಬಂತು.

ಆದರೆ ಅದಕ್ಕೂ ಮೊದಲು, ಮೆಮೊ ಬಂದ ಮರುದಿನ ಐದೂವರೆಗೆ, ಆವತ್ತು ನಡೆದು ಹೋಗಿ ತಡವಾಗದಿರಲೆಂದು ನಾನು ಸ್ಕೂಟಿ ತೆಗೆಯುವಾಗ, ಕಂಟ್ರೋಲರು ಬಾಗಿಲಲ್ಲಿ ನಿಂತಿದ್ದರು. ಕಪ್ಪು ಕನ್ನಡಕ, ಮುಖಕ್ಕೆಲ್ಲ ಸುತ್ತಿದ ಟವೆಲ್ಲು. “ಡಾಕ್ಟರು ಬಿಸಲಿಗೆ ಹೋಗಬ್ಯಾಡ ಅಂದಾರ. ಇನ್ನೂ ಬಿಸಲು ಬಂದಿಲ್ಲ,” ಎಂದು ಹಿಂದೆ ಕುಳಿತು ‘ರೈಟ್’ ಎಂದರು.

ಎರಡನೇ ಸ್ಟಾಪಿನ ಗೂಟ ಹಿಡಿದು ನಿಂತು, “ಎಣಸ್ರಿ,” ಎಂದರು. ದುರ್ಬೀನಿನಲ್ಲಿ ನೋಡಿದೆ. ತಾಯಿ ಹಕ್ಕಿಗಳು ಮರಳಿ ಬಂದಿದ್ದವು. ಮಣ್ಣಿನ ಬಣ್ಣದ ಮರಿಗಳು ಅಲ್ಲೊಂದು ಇಲ್ಲೊಂದು ಮಿಸುಕಾಡಿದವು. ಆರು. ಮತ್ತೆ ಎಣಿಸಿದೆ, ಆರು. ಮೂರನೆಯ ಸಲವೂ ಅಷ್ಟೇ. ಪಕ್ಕದಲ್ಲಿ ಅವರು ಬಾಗಿದ ಬಲಗಿವಿಯನ್ನು ನನ್ನ ಕಡೆ ತಿರುಗಿಸಿಕೊಂಡು ಕಾಯುತ್ತಿದ್ದರು. ಒಂಬತ್ತು ಎಂದರೆ ಅವರಿಗೆ ಗೊತ್ತಾಗುವಂತಿರಲಿಲ್ಲ. ನೆಮ್ಮದಿಯಿಂದ ಮನೆಗೆ ಹೋಗಿ ಚಹಾ ಕುಡಿಯುತ್ತಿದ್ದರು. ಆ ಸುಳ್ಳು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಈಗಲೂ ನೆನಪಿದೆ.

“ಆರು, ಕಾಕಾ.”

“ಸರಿಯಾಗಿ ನೋಡೀರಿ?”

“ಮೂರು ಸಲ ನೋಡೀನಿ. ಆರ ಅದಾವ.”

ಅವರು ಮೆಲ್ಲಗೆ ತಲೆಯಾಡಿಸಿದರು. “ಬರೀರಿ,” ಎಂದರು. ನಾನು ಅಳುತ್ತ ಬರೆದೆ. ಆ ಮೂರು ಮರಿಗಳಿಗಾಗಿ ಅತ್ತೆನೋ, ನನ್ನ ನಾಚಿಕೆಗೆ ಅತ್ತೆನೋ, ಎರಡೂ ಇದ್ದೀತು. ಬರುವಾಗ ದಾರಿಯಲ್ಲಿ ಹಿಂದಿನಿಂದ, “ಪರವಾಗಿಲ್ರಿ, ಎಣಿಸೋದು ಕಲತ್ರಿ,” ಎಂದರು. ನನ್ನ ನೌಕರಿಯಲ್ಲಿ ಸಿಕ್ಕ ಯಾವ ಪ್ರಶಸ್ತಿಪತ್ರವನ್ನೂ ನಾನು ಇಷ್ಟು ಜೋಪಾನ ಮಾಡಿಲ್ಲ. ಜೂನಿನಲ್ಲಿ ನೀರು ಗಡ್ಡೆಯನ್ನು ಮುಟ್ಟುವ ಎರಡು ದಿನ ಮೊದಲು ಆರೂ ಹಾರಿದವು. ಷರಾ ಅವರೇ ಬರೆದರು: ‘ರೀವ 6. ಹೊಸ ಗಾಡಿಗಳು. ರಸ್ತೆಗೆ ಬಿಡಲಾಗಿದೆ.’

ಮುಂದಿನ ಬೇಸಿಗೆಯಲ್ಲಿ ಇನ್ನೊಂದು ಜೋಡಿ ಫೋಟೋಕ್ಕೆಂದು ಬಂತು. ಅಷ್ಟರಲ್ಲಿ ಕಂಟ್ರೋಲರ ಕಣ್ಣು ಚೊಕ್ಕಟವಾಗಿತ್ತು. ಜಗಳವಾಡಲಿಲ್ಲ, ಭಾಷಣ ಮಾಡಲಿಲ್ಲ. ಎದುರಿಗೆ ಹೋಗಿ ನಿಂತು ಸೀಟಿ ಊದಿದರು. ಎರಡೂ ಕೈ ಎತ್ತಿ, ನಿಲ್ದಾಣದಲ್ಲಿ ಬಸ್ಸನ್ನು ಹಿಂದಕ್ಕೆ ತೆಗೆಸುವ ಹಾಗೆ, “ರಿವರ್ಸ್… ಬರ್ಲಿ, ಬರ್ಲಿ, ಇನ್ನಾ ಬರ್ಲಿ… ಸ್ವಲ್ಪ ಎಡಕ್ಕ… ಬರ್ಲಿ,” ಎನ್ನತೊಡಗಿದರು. ಆ ದನಿಯಲ್ಲಿ ಏನಿತ್ತೋ, ಮದುಮಗ, ಮದುಮಗಳು, ಕ್ಯಾಮೆರಾದವ, ಗೌನಿನ ಬಾಲ ಹಿಡಿದ ತಂಗಿ, ನಾಲ್ವರೂ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಪಂಪ್‌ಹೌಸಿನ ಆಚೆಗೆ ಹೋದರು. “ಹೋಲ್ಡಾನ್,” ಎಂದಾಗ ನಿಂತರು. ಆಮೇಲೆ ಅವರಿಗೆ ಅಲ್ಲೇ ಒಳ್ಳೆಯ ಜಾಗ ತೋರಿಸಿ, ಮನೆಯಿಂದ ಚಹಾ ತರಿಸಿಕೊಟ್ಟರು. ಆ ಜೋಡಿ ಮದುವೆಯ ಕರೆಯೋಲೆ ಕಳಿಸಿತ್ತು. ಕಂಟ್ರೋಲರು ಹೋಗಿ ಉಂಡು ಬಂದರು, ಬೆಳ್ಳಕ್ಕಿ ನೋಡಿಕೊಂಡೇ.

ಹೋದ ವರ್ಷ ಮೇ ಕೊನೆಯಲ್ಲಿ, ಒಂದು ನಸುಕಿನಲ್ಲಿ, ಏಳಲೆಂದು ಕುಳಿತವರು ಹಾಗೆಯೇ ಒರಗಿದರು. ಸುದ್ದಿ ಕೇಳಿ ಓಡಿಹೋದಾಗ ಓಣಿಯ ನಾಲ್ಕಾರು ಮಂದಿ ಸೇರಿದ್ದರು. ಚಿಗವ್ವ ಅಳು ನಿಲ್ಲಿಸಿ ಗೋಡೆಯ ಗಡಿಯಾರ ನೋಡಿದರು. ಬುದ್ಧನ ಪಟದ ಕೆಳಗಿದ್ದ ರಿಜಿಸ್ಟರು ತೆಗೆದು ನನ್ನ ಕೈಗಿಟ್ಟರು. ಅದರ ಮೇಲೆ ಸೀಟಿಯನ್ನೂ ಇಟ್ಟರು.

“ಆರಾಗಾಕ ಬಂತು. ಹೋಗಿ ಬಾರವ್ವ. ಆಮ್ಯಾಲ ಕೂಡೇ ಅಳೂಣಂತ.”

ಹೋದೆ. ಎರಡನೇ ಸ್ಟಾಪಿನ ಗೂಟದ ಹತ್ತಿರ ಕುಳಿತು ಪುಟದ ಮೇಲೆ ‘ಕಂಟ್ರೋಲರ್ ಬರಲಿಲ್ಲ’ ಎಂದು ಬರೆದೆ. ಬರೆಯುವಷ್ಟರಲ್ಲಿ ಬೆಳ್ಳಕ್ಕಿ ಇಳಿದವು. ಗಡಿಯಾರ ನೋಡಿ ವೇಳೆ ಹಾಕಿದೆ, ಆರು ಹತ್ತು. ಎಣಿಸಿದೆ, ಹನ್ನೊಂದು. ನೀರುಕಾಗೆ ನಾಲ್ಕು. ಕಣ್ಣು ಮಂಜಾದಾಗ ಒರೆಸಿಕೊಂಡು ಮತ್ತೆ ಎಣಿಸಿದೆ. ಟಿಟ್ಟಿಭದ ಜೋಡಿ ನನ್ನ ತಲೆಯ ಮೇಲೆ ಸುತ್ತುತ್ತ ಒಂದೇ ಸಮನೆ ಕೂಗುತ್ತಿತ್ತು. ಷರಾದಲ್ಲಿ ಎಂದಿನ ರೂಢಿಯಂತೆ ‘ಕಾರಣವಿಲ್ಲದೆ ಹಾರ್ನ್’ ಎಂದು ಬರೆದೆ. ಆಮೇಲೆ ಮೊದಲ ಪದವನ್ನು ಹೊಡೆದುಹಾಕಿದೆ.