ಮಲಗುವುದು ಬೇರೆ, ನಿದ್ದೆ ಬೇರೆ

ನನ್ನ ಸ್ಕೂಟರಿನ ಕೀ ಕೈತಪ್ಪಿದ್ದು ಬಿಟಿಎಂ ಲೇಔಟಿನ ಒಂದು ಸಿಗ್ನಲ್ಲಿನ ದೆಸೆಯಿಂದ. ಕೆಂಪು ದೀಪ ಹಸಿರಾಗುವಷ್ಟರಲ್ಲಿ ನಾನು ಹ್ಯಾಂಡಲ್ ಹಿಡಿದುಕೊಂಡೇ ತೂಕಡಿಸಿಬಿಟ್ಟಿದ್ದೆ. ಹಿಂದೆ ಕೂತಿದ್ದ ಹೆಂಡತಿ ಬೆನ್ನಿಗೆ ಗುದ್ದಿ ಎಬ್ಬಿಸಿದಳು. ಸುದ್ದಗುಂಟೆಪಾಳ್ಯದ ನಮ್ಮ ಮನೆ ಮುಟ್ಟಿದ್ದೇ ತಡ, ಕೀ ಕಿತ್ತುಕೊಂಡು ಬೀರುವಿನ ಕೀಗೊಂಚಲಿಗೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಮೊದ್ಲು ರಾತ್ರಿ ನಿದ್ದೆ ಮಾಡೋದು ಕಲೀರಿ, ಆಮೇಲೆ ಗಾಡಿ," ಎಂದಳು.

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಿವೃತ್ತನಾದ ಮೇಲೆ ನನಗೆ ನಿದ್ದೆ ಎನ್ನುವುದು ಅಪರೂಪದ ನೆಂಟ. ಆದರೆ ಗಾಡಿ ಇಲ್ಲದೆ ನಾನು ಏನು ಮಾಡಲಿ? ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಹಳೆಯ ಸಹೋದ್ಯೋಗಿಗಳ ಜೊತೆ ಬೈಟು ಕಾಫಿ, ಕೋಣನಕುಂಟೆಯ ತಮ್ಮನ ಮನೆಯಲ್ಲಿ ಭಾನುವಾರದ ಹರಟೆ, ಎಲ್ಲದಕ್ಕೂ ಆಟೋದವರ ಕಾಲು ಹಿಡಿಯಬೇಕಾಯಿತು. "ಆ ಕಡೆ ಬರಲ್ಲ ಸಾರ್" ಎನ್ನುವುದನ್ನು ಕೇಳಿ ಕೇಳಿ ಮೈ ಉರಿಯುತ್ತಿತ್ತು.

ನುಂಗುತ್ತಿದ್ದ ನಿದ್ದೆ ಮಾತ್ರೆ ಜಾಸ್ತಿ ಮಾಡಿಸಿಕೊಳ್ಳೋಣವೆಂದು ಡಾಕ್ಟರ ಹತ್ತಿರ ಹೋದೆ. "ಈ ವಯಸ್ಸಲ್ಲಿ ಬೇಡ ಸಾರ್, ಬಿದ್ದು ಸೊಂಟ ಮುರ್ಕೋತೀರಿ. ಮನೆಗೇ ಒಬ್ಬರನ್ನ ಕಳಿಸ್ತೀನಿ, ಮಲಗೋ ಅಭ್ಯಾಸ ಸರಿ ಮಾಡ್ತಾರೆ," ಎಂದರು. ಹಾಗೆ ಬಂದ ಥೆರಪಿಸ್ಟ್ ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ. ಎಪ್ಪತ್ತು ವರ್ಷದಿಂದ ಮಲಗುತ್ತಿರುವವನಿಗೆ ಇವಳೇನು ಕಲಿಸುತ್ತಾಳೆ ಎಂದುಕೊಂಡೆ.

"ಅಂಕಲ್, ರಾತ್ರಿ ಎಷ್ಟೊತ್ತಿಗೆ ಮಲಗ್ತೀರಾ?"

"ಒಂಬತ್ತಕ್ಕೆ."

"ಏಳೋದು?"

"ಆರಕ್ಕೆ."

ಬೆರಳು ಮಡಿಸಿ ಲೆಕ್ಕ ಹಾಕಿದಳು. "ಒಂಬತ್ತು ಗಂಟೆ ಮಲಗ್ತೀರಾ! ನಾನೇ ಅಷ್ಟು ಮಲಗಲ್ಲ. ಮತ್ತೆ ಪ್ರಾಬ್ಲಮ್ ಏನು ಅಂಕಲ್?"

ಅಡುಗೆಮನೆಯಿಂದ ಹೆಂಡತಿ ಕೂಗಿದಳು, "ಮಲಗ್ತಾರೆ ಕಣಮ್ಮ, ನಿದ್ದೆ ಎಲ್ಲಿ ಮಾಡ್ತಾರೆ!"

ಹುಡುಗಿ ನಾಲಿಗೆ ಕಚ್ಚಿಕೊಂಡಳು. ಅವಳು ಇಂಗ್ಲಿಷಿನಲ್ಲಿ ಕಲಿತು ಬಂದ ಪ್ರಶ್ನೆಗಳಲ್ಲಿ ಹಾಸಿಗೆಗೆ ಹೋಗುವುದಕ್ಕೆ ಒಂದು ಮಾತು, ನಿದ್ದೆಗೆ ಇನ್ನೊಂದು. ನಾವು ಎರಡಕ್ಕೂ ‘ಮಲಗು’ ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಮಗು ಮಲಗಿದೆ ಎಂದರೆ ನಿದ್ದೆ ಹೋಗಿದೆ ಎಂದರ್ಥ. ಮುದುಕ ಮಲಗಿದ್ದಾನೆ ಎಂದರೆ ಫ್ಯಾನು ನೋಡುತ್ತಿದ್ದಾನೆ ಎಂದರ್ಥ. ಬಿಡಿಸಿ ಬಿಡಿಸಿ ಕೇಳಿದಾಗ ನನ್ನ ನಿದ್ದೆ ಮಲಗಿದ್ದರ ಅರ್ಧಕ್ಕೂ ಬರಲಿಲ್ಲ.

"ಹಂಗಾದ್ರೆ ಕಮ್ಮಿ ಮಲಗಿ ಅಂಕಲ್," ಎಂದಳು. "ಹನ್ನೆರಡರ ತನಕ ಹಾಸಿಗೆ ಮುಟ್ಟಬೇಡಿ. ನಿದ್ದೆ ಬರ್ಲಿ ಬಿಡ್ಲಿ, ಆರಕ್ಕೆ ಏಳಿ. ಮಧ್ಯಾಹ್ನ ಮಲಗೋದು ಬಂದ್. ನಿದ್ದೆ ಬಿಟ್ಟು ಬೇರೆ ಏನೂ ಮಂಚದ ಮೇಲೆ ಬೇಡ."

ಹಸಿವು ಎಂದವನ ಮುಂದಿನ ತಟ್ಟೆ ಎತ್ತಿಟ್ಟ ಹಾಗಾಯಿತು ನನಗೆ. ಅದೂ ಅಲ್ಲದೆ ನನ್ನ ಸಂಸಾರವೆಲ್ಲ ಇದ್ದದ್ದೇ ಮಂಚದ ಮೇಲೆ. ಪೇಪರು, ಪದಬಂಧ, ಮೊಬೈಲು, ಚಕ್ಕುಲಿ ಡಬ್ಬ, ತಮ್ಮನ ಜೊತೆ ಫೋನಿನಲ್ಲಿ ಜಗಳ, ಎಲ್ಲಕ್ಕೂ ಅದೇ ಜಾಗ. ಹೆಂಡತಿ ಒಂದೇ ದಿನದಲ್ಲಿ ಎಲ್ಲವನ್ನೂ ಎತ್ತಂಗಡಿ ಮಾಡಿಸಿದಳು. ಮಧ್ಯಾಹ್ನ ಊಟವಾದ ಮೇಲೆ ಕಣ್ಣು ಎಳೆಯುವ ಹೊತ್ತಿಗೆ ಸರಿಯಾಗಿ ನನ್ನ ಮುಂದೆ ನೆನೆಸಿದ ಅವರೆಕಾಳಿನ ಪಾತ್ರೆ ತಂದಿಟ್ಟು, "ಹಿತುಕಿ," ಎನ್ನುತ್ತಿದ್ದಳು. ನಾನು ಅವರೆಕಾಳಿನ ಮೇಲೆ ಸಿಟ್ಟು ತೀರಿಸಿಕೊಂಡೆ. ಅರ್ಧ ಕಾಳು ಕಿಟಕಿಗೆ ಹಾರಿದವು. ಆ ಚಳಿಗಾಲ ನಮ್ಮ ಮನೆಯಲ್ಲಿ ಹಿತುಕಿದ ಬೇಳೆ ಸಾರಿಗೆ ಬರವಿರಲಿಲ್ಲ.

ಮೊದಮೊದಲು ಎಲ್ಲರ ಮೇಲೂ ಹರಿಹಾಯುತ್ತಿದ್ದೆ. ಹುಡುಗಿ ಪ್ರತಿ ವಾರ ಬಂದು ಬೈಸಿಕೊಂಡು, ಕಾಫಿ ಕುಡಿದು, ನಗುತ್ತಲೇ ಹೋಗುತ್ತಿದ್ದಳು. ಬರಬರುತ್ತ ಏನಾಯಿತೆಂದರೆ, ಹನ್ನೆರಡಾಗುವುದನ್ನೇ ಕಾಯುವಷ್ಟು ಕಣ್ಣು ಭಾರವಾಗತೊಡಗಿತು. ಮಲಗಿದರೆ ನಿದ್ದೆ! ಹುಡುಗಿ ಮಲಗುವ ಹೊತ್ತನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತಂದಳು. ಆಗಲೂ ನಿದ್ದೆ ಕೈಕೊಡಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಶಿಳ್ಳೆ ಹೊಡೆಯುವಷ್ಟು ಖುಷಿ ನನಗೆ.

ಕೊನೆಯ ಸಲ ಬಂದಾಗ ಹುಡುಗಿ ನನ್ನನ್ನು ಬಿಟ್ಟು ಹೆಂಡತಿಯನ್ನು ಕೇಳಿದಳು. "ಅಂಕಲ್ ಹೇಳೋದು ಇರ್ಲಿ. ನೀವ್ ಹೇಳಿ ಆಂಟಿ, ನಿಜವಾಗ್ಲೂ ನಿದ್ದೆ ಮಾಡ್ತಾರಾ?"

ಕೀ ಸಿಗುವುದು ಬಿಡುವುದು ಆ ಸಾಕ್ಷಿಯ ಮೇಲೆ ನಿಂತಿತ್ತು. ನಾನು ಉಸಿರು ಬಿಗಿಹಿಡಿದು ಕೂತೆ.

"ಮಾಡ್ತಾರಮ್ಮ. ಮಲಗಿದ್ ತಕ್ಷಣ ಗೊರಕೆ. ಆಮೇಲೆ ಗೋಡೆ ಕಡೆ ತಿರುಗ್ತಾರೆ, ಗೊರಕೆ ನಿಲ್ಲತ್ತೆ. ನಡುವೆ ಒಂದ್ಸಲ ಬಾತ್‌ರೂಮಿಗೆ ಎದ್ರೂ ಬಂದು ಹಂಗೇ ಬಿದ್ಕೋತಾರೆ. ಬೆಳಗಿನ ಜಾವ ಹೊದಿಕೆ ಒದ್ದು ಹಾಕ್ತಾರೆ, ನಾನ್ ಹೊದಿಸ್ತೀನಿ. ಹಾಲಿನವನು ಬರೋತನಕ ಅಲ್ಲಾಡಲ್ಲ. ಮುಂಚೆ ಹಿಂಗಿರ್ಲಿಲ್ಲ, ರಾತ್ರಿಯೆಲ್ಲಾ ಉಸ್ಸಪ್ಪಾ ಅಂತಿದ್ರು."

ಹೇಳಿ ಮುಗಿಸಿ, ಗೊಂಚಲಿನಿಂದ ಕೀ ಬಿಡಿಸಿ ನನ್ನ ಅಂಗೈಯಲ್ಲಿಟ್ಟಳು. ನಾನು ಚಪ್ಪಲಿ ಹುಡುಕಲು ಎದ್ದೇಬಿಟ್ಟೆ. ಹುಡುಗಿ ಮಾತ್ರ ಏಳಲಿಲ್ಲ.

"ಆಂಟಿ, ಇದೆಲ್ಲಾ ನಿಮಗೆ ಹೆಂಗೆ ಗೊತ್ತು?"

"ಅಯ್ಯೋ, ನಾನು ಪಕ್ಕದಲ್ಲೇ ಮಲಗಿರ್ತೀನಲ್ಲಮ್ಮ!" ಎಂದು ಹೆಂಡತಿ ನಕ್ಕಳು.

ದಿಂಬಿಗೆ ತಲೆ ಕೊಟ್ಟರೆ ಸಾಕು, ಇವಳಿಗೆ ನಿದ್ದೆ ಎಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಹುಡುಗಿ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು, "ನೀವು ನಿದ್ದೆ ಮಾಡಿ ಎಷ್ಟು ದಿನ ಆಯ್ತು ಆಂಟಿ?" ಎಂದಳು. ಹೆಂಡತಿ ನನ್ನ ಮುಖ ನೋಡಿದಳು. ಕೀ ನನ್ನ ಕೈಯಲ್ಲಿತ್ತು. ಎಲ್ಲಿಗೂ ಹೋಗಬೇಕು ಅನ್ನಿಸಲಿಲ್ಲ.