ಕಲ್ಲಿನ ಕೋಣೆಗೆ ಬಂದ ನೆಟ್

ಅಪ್ಪನಿಗೆ ಲಕ್ವಾ ಹೊಡೆದು ಬಲಗೈಯೂ ಮಾತೂ ಒಟ್ಟಿಗೇ ಹೋದವು. ಟಿಕೋಟಾ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಬಾಗಿಲಲ್ಲಿ ನಿಂತು ‘ಒಳಗ ನಡೀರಿ’ ಎಂದರೆ ಸಂತೆಗೆ ಹೊರಟ ಮುದುಕಿಯರೂ ಬುಟ್ಟಿ ಸಮೇತ ಹಿಂದಿನ ಸೀಟಿನವರೆಗೆ ಸರಿಯುತ್ತಿದ್ದರು. ಆ ದನಿ ತೆಗೆದು ಮದುವೆ ಮನೆಗಳಲ್ಲಿ ಜನರನ್ನು ನಗಿಸಿ ಎರಡನೇ ಸಲ ಊಟಕ್ಕೆ ಕೂತವನು ನಾನು. ಯಾರನ್ನೂ ಬಿಟ್ಟವನಲ್ಲ. ಅವ್ವ ಫೋನಿನಲ್ಲಿ ಮಾತಾಡುವ ಧಾಟಿ, ಓಣಿಯ ಮಾಸ್ತರರ ಕೆಮ್ಮು, ಹುಡುಗಿಯರು ಎದುರಾದಾಗ ನನಗೇ ಬರುವ ತೊದಲು, ಎಲ್ಲವನ್ನೂ ಅಣಕಿಸುತ್ತೇನೆ. ಮನೆಯಲ್ಲಿ ಮಾತು ಹೋಗಬೇಕಾಗಿದ್ದರೆ ನನ್ನದು ಹೋಗಬೇಕಿತ್ತು ಎಂದು ಓಣಿಯವರು ಅಂದುಕೊಂಡಿರಬಹುದು. ನಾನಂತೂ ಅಂದುಕೊಂಡೆ.

ಮೊದಲ ಕೆಲವು ತಿಂಗಳಲ್ಲಿ ಅಭ್ಯಾಸ ಮಾಡಿಸಿದರೆ ಮಾತು ಸ್ವಲ್ಪವಾದರೂ ಮರಳಬಹುದು, ಆಮೇಲೆ ಕಷ್ಟ ಎಂದರು ಡಾಕ್ಟರು. ಮಾತು ಕಲಿಸುವ ಮೇಡಮ್ ಒಬ್ಬರು ದಿನಾ ಬೆಳಿಗ್ಗೆ ವಿಡಿಯೊದಲ್ಲಿ ಬರಲು ಒಪ್ಪಿದರು. ಅವರಿಗೆ ಅಪ್ಪನ ಬಾಯಿ ಕಾಣಬೇಕು, ಅಪ್ಪನಿಗೆ ಅವರದು ಕಾಣಬೇಕು.

ಆದರೆ ಅಪ್ಪ ಹಿಂದಿನ ಕೋಣೆ ಬಿಟ್ಟು ಕದಲಲಿಲ್ಲ. ಅಥಣಿ ರಸ್ತೆಯ ಈ ಲೇಔಟಿನಲ್ಲಿ ಜಾಗ ತೆಗೆದುಕೊಂಡಾಗ ಮೊದಲು ಕಟ್ಟಿಸಿದ ಕೋಣೆ ಅದು. ಇಟ್ಟಿಗೆಯ ಮೇಲೆ ನಂಬಿಕೆಯಿಲ್ಲದೆ ಕಲ್ಲಿನಲ್ಲೇ ಗೋಡೆ ಎಬ್ಬಿಸಿದ್ದ. ಮುಂದಿನ ಖೋಲಿಯಲ್ಲಿದ್ದ ವೈಫೈ ಅದರ ಹೊಸ್ತಿಲಲ್ಲೇ ಸಾಯುತ್ತಿತ್ತು. ಫೋನಿನ ನೆಟ್ಟೂ ಅಷ್ಟೇ. ಮುಂದಿನ ಖೋಲಿಗೆ ಮಂಚ ಹಾಕುತ್ತೇನೆಂದರೆ ಎಡಗೈ ಅಡ್ಡ ಆಡಿಸಿಬಿಟ್ಟ. ಅದರ ಬಾಗಿಲು ರಸ್ತೆಗೆ ತೆರೆಯುತ್ತದೆ, ಹೋಗಿಬರುವವರೆಲ್ಲ ಇಣುಕುತ್ತಾರೆ.

ಹೀಗಾಗಿ ಇನ್ನೊಂದು ರೂಟರ್ ತಂದೆ. ಮೊದಲಿನ ಡಬ್ಬಿಯಿಂದ ಗೋಡೆಗುಂಟ ವೈರು ಎಳೆದು ನಡುಮನೆಯ ಗೋಡೆಯ ಮಾಡದಲ್ಲಿ ಕೂರಿಸಿದೆ. ಅಪ್ಪನ ಕೋಣೆಗೂ ನೆಟ್ ಬಂತು. ಸಂಜೆ ಬಂದು ನೋಡಿದರೆ ಅಪ್ಪನ ಕೋಣೆಯಲ್ಲಿ ಮತ್ತೆ ಏನೂ ಇಲ್ಲ. ಹೊಸ ಸಾಮಾನಿಗೆ ಕಣ್ಣು ತಾಗದಿರಲೆಂದು ಅವ್ವ ಅದಕ್ಕೆ ವಿಭೂತಿ ಹಚ್ಚಿ, ಮುಂದೆ ಹಿತ್ತಾಳೆಯ ಕೊಡಗಳನ್ನು ಸಾಲಾಗಿ ಹೊಂದಿಸಿದ್ದಳು. ಕೊಡಗಳ ಹಿಂದೆ ಡಬ್ಬಿ ಪಾಪ ಒಬ್ಬಂಟಿಯಾಗಿ ಮಿಣುಕುತ್ತಿತ್ತು. ಅವ್ವನ ದನಿಯಲ್ಲೇ ಅವಳಿಗೆ ಬೈದು ಅದನ್ನು ತೆಗೆದು ಅಪ್ಪನ ಬಾಗಿಲ ಚೌಕಟ್ಟಿನ ಮೇಲೆ ಒಳಮುಖವಾಗಿ ಮೊಳೆ ಹೊಡೆದು ಕೂರಿಸಿದೆ. ಅವ್ವ ವಿಭೂತಿ ಮಾತ್ರ ಒರೆಸಗೊಡಲಿಲ್ಲ.

ಪಾಠ ಶುರುವಾಯಿತು. ಮೇಡಮ್ ಬಾಯಿ ತೆರೆದು ತೋರಿಸುವರು, ಅಪ್ಪ ಓರೆಯಾದ ತುಟಿಯನ್ನು ಎಳೆದೆಳೆದು ಹಾಗೆ ಮಾಡಲು ನೋಡುವನು. ದಿನಗಳು ಹೋದ ಮೇಲೆ ಒಂದು ಬೆಳಿಗ್ಗೆ, ಅವರು ಕೇಳಿದ್ದು ‘ನೀರು’, ಅಪ್ಪನ ಬಾಯಿಂದ ಬಂದದ್ದು ‘ನಡೀರಿ’. ಸ್ಪಷ್ಟವಾಗಿ ಬಂತು. ಮೇಡಮ್ ಚಪ್ಪಾಳೆ ತಟ್ಟಿದರು. ವರ್ಷಗಟ್ಟಲೆ ಆಡಿದ ಮಾತು ಹೀಗೆ ಮೊದಲು ಬರುತ್ತದೆ, ಇದರ ಬೆನ್ನಿಗೆ ಬೇರೆಯವೂ ಬರಬಹುದು ಎಂದರು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಅಣಕಿಸಲು ಏನೂ ಸಿಗಲಿಲ್ಲ.

ಹಾಸಿಗೆ ಹಿಡಿದವರನ್ನು ಮಾತಾಡಿಸಿಕೊಂಡು ಹೋಗದಿದ್ದರೆ ನಮ್ಮ ಕಡೆ ಅದು ಸಂಬಂಧ ಕಡಿದುಕೊಂಡ ಹಾಗೆ. ಬಾಳೆಹಣ್ಣು ಹಿಡಿದು ಬಂದು, ಮಂಚದ ಪಕ್ಕ ಕೂತು, ನನ್ನ ಗುರುತು ಸಿಕ್ಕಿತೇ ಎಂದು ಕೇಳಲೇಬೇಕು. ಬಂದವರೆದುರು ಅಪ್ಪ ಕಣ್ಣು ಮುಚ್ಚಿ ನಿದ್ದೆಯವನಂತೆ ಇರುತ್ತಿದ್ದ. ಬಬಲೇಶ್ವರದ ಅತ್ತಿ, ಅಂದರೆ ಅಪ್ಪನ ಅಕ್ಕ, ಮೊಳಕಾಲು ನೋವಿನಿಂದ ಬಸ್ಸು ಹತ್ತಲಾರಳು. ಹೊಸ ಡಬ್ಬಿ ಬರುವ ಮೊದಲು ಅವಳು ವಿಡಿಯೊ ಕಾಲ್ ಮಾಡಿದಾಗಲೆಲ್ಲ ಅವ್ವ ಫೋನು ಹಿಡಿದು ಹೊಸ್ತಿಲವರೆಗೆ ಹೋಗುವಳು, ಚಿತ್ರ ನಿಲ್ಲುವುದು, ನೆಟ್ ಇಲ್ಲ ಅಕ್ಕಾ ಎನ್ನುವಳು.

‘ನಡೀರಿ’ ಬಂದ ಆ ದಿನ ಪಾಠ ಮುಗಿದು ಅಪ್ಪ ದಿಂಬಿಗೆ ಒರಗಿ ಕೂತಿದ್ದ. ಅತ್ತಿಯ ಕಾಲ್ ಬಂತು. ಅವ್ವ ನಡೆದೇ ನಡೆದಳು, ಚಿತ್ರ ನಿಲ್ಲಲಿಲ್ಲ. ಅಪ್ಪನಿಗೆ ಕಣ್ಣು ಮುಚ್ಚಲು ಪುರಸೊತ್ತು ಸಿಗಲಿಲ್ಲ.

“ಯಪ್ಪಾ, ನನ್ನ ಗುರ್ತ ಸಿಕ್ತೇನೋ? ನಾ ಯಾರ, ಹೇಳ ನೋಡೂಣು.”

ಅವಳ ಹಿಂದೆ ಇಡೀ ಓಣಿಯೇ ಕೂಡಿತ್ತು. ಅಕ್ಕ ಎನ್ನಲು ಅಪ್ಪ ಕತ್ತಿನ ನರ ಉಬ್ಬುವವರೆಗೆ ಹೆಣಗಿದ. ಜೊಲ್ಲು ಇಳಿಯಿತು. ಕೊನೆಗೆ ಬಂದದ್ದು “ನಡೀರಿ.”

ಅಲ್ಲಿ ಯಾರೋ ಕಿಸಕ್ಕನೆ ನಕ್ಕರು. “ಕಂಡಕ್ಟರ್ ಇನ್ನೂ ಬಸ್ಸಿನ್ಯಾಗ ಅದಾನ ನೋಡ್ರಿ.” ಅತ್ತಿ ಅವರಿಗೆ ಗದರುತ್ತಲೇ ಗೊಳೋ ಎಂದು ಅತ್ತಳು. ಫೋನು ಕೈಯಿಂದ ಕೈಗೆ ಹೋಯಿತು. ಪ್ರತಿಯೊಬ್ಬರೂ ನಾ ಯಾರು ಎಂದು ಕೇಳಿದರು. ಅಪ್ಪ ಗೋಡೆಗೆ ಮುಖ ಮಾಡಿದ.

ಮರುದಿನ ಮೇಡಮ್ ಬಂದಾಗ ಅವನು ಬಾಯಿ ತೆರೆಯಲಿಲ್ಲ. ಎಡಗೈ ಎತ್ತಿ ಬಾಗಿಲ ಮೇಲಿನ ಡಬ್ಬಿಯನ್ನೇ ತೋರಿಸಿದ. ಅದರ ಮಿಣುಕು ಕಣ್ಣಿಗೆ ಚುಚ್ಚುತ್ತದೇನೋ ಎಂದು ದೀಪಗಳಿಗೆ ಟೇಪು ಅಂಟಿಸಿದೆ. ಕೈ ಇಳಿಯಲಿಲ್ಲ. ಪಾಠದ ಹೊತ್ತಿಗೆ ಮಾತ್ರ ಹಚ್ಚುತ್ತೇನೆ, ಉಳಿದಂತೆ ಆರಿಸಿಡುತ್ತೇನೆ, ಯಾರ ಫೋನೂ ಒಳಗೆ ಬರುವುದಿಲ್ಲ ಎಂದು ಕಿವಿಯಲ್ಲಿ ಹೇಳಿದೆ. ನನ್ನನ್ನು ನೋಡಿದ, ನಂಬಲಿಲ್ಲ. ಕಾಲ್ ಬಂದರೆ ಫೋನು ಒಳಗೆ ಒಯ್ಯಬೇಡ ಎಂದು ಅವ್ವನನ್ನು ಕೇಳಿಕೊಂಡರೆ ಅವಳಿಗೆ ಅಳು.

“ಬೀಗರು, ನೆಂಟರು ಫೋನ್ ಮಾಡಿದ್ರ ಹೆಂಗ ಇಲ್ಲ ಅನ್ಲೋ? ನಿಮ್ಮಪ್ಪ ಸತ್ತಾನ ಅಂತ ತಿಳ್ಕೊಂತಾರ.”

ದಿನವೂ ಮೇಡಮ್ ಬಂದರು, ದಿನವೂ ಅಪ್ಪ ತುಟಿ ಬಿಗಿಹಿಡಿದ. ‘ನಡೀರಿ’ ಕೂಡ ಮತ್ತೆ ಕೇಳಲಿಲ್ಲ. ಕೊನೆಗೆ ಮೊಳೆ ಕಿತ್ತು ಡಬ್ಬಿ ಇಳಿಸಿದೆ. ನಾನು ವೈರು ಸುತ್ತುವುದನ್ನು ಅಪ್ಪ ಪೂರ್ತಿ ನೋಡಿದ. ಆಮೇಲೆ ಸಲೀಸಾಗಿ ಉಸಿರುಬಿಟ್ಟು ಮಲಗಿದ. ಮುಂದಿನ ಖೋಲಿಗೆ ಬಂದು ಮೇಡಮ್‌ಗೆ ಫೋನು ಮಾಡಿ ಪಾಠ ಬೇಡವಂತೆ ಎಂದೆ. ಅವರು, ಈಗ ಬಿಟ್ಟರೆ ಮಾತು ಬರುವುದು ಕಷ್ಟ, ನಿಮಗೆ ಗೊತ್ತಿದೆಯಲ್ಲ ಎಂದರು. ಗೊತ್ತಿದೆ ಎಂದೆ.

ಡಾಕ್ಟರು ಹೇಳಿದ್ದ ತಿಂಗಳುಗಳು ಮುಗಿದಿವೆ. ಅಪ್ಪನಿಗೆ ನೀರು ಬೇಕಾದರೆ ತಂಬಿಗೆಯನ್ನು ಮಂಚದ ಕಾಲಿಗೆ ಬಡಿಯುತ್ತಾನೆ. ನಾವು ಯಾರಾದರೂ ಎದ್ದು ಹೋಗುತ್ತೇವೆ.