ಸಾಯದ ಕುರಿಗಳು

ನನ್ನ ದುಡ್ಡು ತವರೂರು ಮಾಡಗ್ಯಾಳದ ಬಯಲಿನಲ್ಲಿ ನಾಲ್ಕು ಕಾಲಿನ ಮೇಲೆ ಮೇಯುತ್ತಿತ್ತು. ಗಂಡನ ಮನೆ ಇರುವ ಸಂಖದಲ್ಲಿ ಬ್ಯಾಂಕಿದೆ, ಪಾಸ್‌ಬುಕ್ ಕೂಡ ಇದೆ, ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಉಳಿತಾಯ ಎಲ್ಲಿಟ್ಟಿದ್ದೀಯ ಎಂದು ಯಾರಾದರೂ ಕೇಳಿದರೆ ನನ್ನ ಕಣ್ಣು ತಾನಾಗಿ ತವರಿನ ದಿಕ್ಕಿಗೆ ತಿರುಗುತ್ತಿತ್ತು.

ಮದುವೆಯಲ್ಲಿ ಅವ್ವ ನನಗೆ ಬಂಗಾರ ಹಾಕಲಿಲ್ಲ. ಬಿಳಿ ಮೈಮೇಲೆ ಕಂದು ಮಚ್ಚೆ, ಗಿಳಿಯ ಕೊಕ್ಕಿನಂತೆ ಬಾಗಿದ ಮೂಗು, ಅಂಥದ್ದೊಂದು ಹೆಣ್ಣು ಕುರಿಮರಿಯನ್ನು ಹಿಡಿದು ತಂದಳು. ಅದರ ಎಡಗಿವಿಯ ಅಂಚಿಗೆ ಸಣ್ಣ ಕಚ್ಚು ಹಾಕಿ, ಅರಿಸಿನ ಮೆತ್ತಿ, "ಇದು ನಿಂದು" ಅಂದಳು. ಅಂದವಳು ಅದನ್ನು ತನ್ನ ಹಿಂಡಿಗೇ ಬಿಟ್ಟುಕೊಂಡಳು. ಕೊಟ್ಟವರ ಮನೆಯಲ್ಲೇ ಉಳಿಯುವ ಇದೆಂಥ ಉಡುಗೊರೆ ಎಂದು ನನ್ನ ಅತ್ತೆ ಬಹಳ ದಿನ ಆಡಿಕೊಂಡು ನಕ್ಕರು.

ನಮ್ಮ ಕಡೆ ಇದಕ್ಕೆ ಪಾಲಿಗೆ ಬಿಡುವುದು ಅನ್ನುತ್ತಾರೆ. ಕುರಿ ಒಬ್ಬರದು, ಕಾಯುವ ಮೈ ಇನ್ನೊಬ್ಬರದು. ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಅರ್ಧರ್ಧ. ಆದರೆ ಕುರಿ ಸತ್ತರೆ ನಷ್ಟ ಒಡೆಯನದೇ. ಕದ್ದು ಮಾರಿದೆ ಅನ್ನಬಾರದೆಂದು, ಸತ್ತ ಕುರಿಯ ಗುರುತಿನ ಕಿವಿಯನ್ನು ಕೊಯ್ದು ತಂದು ಒಡೆಯನ ಮುಂದೆ ಇಡಬೇಕು. ಅಣ್ಣತಮ್ಮಂದಿರ ನಡುವೆಯೂ ಈ ಪದ್ಧತಿ ತಪ್ಪುವುದಿಲ್ಲ.

ಅವ್ವ ಇರುವ ತನಕ ನನ್ನ ಮನೆಗೆ ಒಂದು ಕಿವಿಯೂ ಬರಲಿಲ್ಲ. ಬಂದದ್ದು ದುಡ್ಡು. ನಾಗರಪಂಚಮಿಗೆ ತವರಿಗೆ ಹೋದಾಗ, ಮಾರಿದ ಗಂಡುಮರಿಗಳ ನನ್ನ ಪಾಲನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೈಯಲ್ಲಿಡುತ್ತಿದ್ದಳು. ನನ್ನ ಮೊದಲ ಹೊಲಿಗೆ ಮೆಷಿನ್ ಬಂದದ್ದು ಅದರಿಂದ. ಮಗಳ ಸಾಲಿ ಫೀ ಹೋದದ್ದು ಅದರಿಂದ. ಗಂಡನ ಮುಂದೆ ಕೈ ಚಾಚದ ಹೆಂಗಸು ಎಂದು ಓಣಿಯಲ್ಲಿ ನನಗೆ ಸ್ವಲ್ಪ ಸೊಕ್ಕೂ ಇತ್ತು. "ನಿನ್ನ ಕುರಿ ಅಮೃತ ಕುಡದಾವೇನ ಬೇ?" ಎಂದು ಪಕ್ಕದ ಮನೆಯವಳು ಕೆಣಕುತ್ತಿದ್ದಳು. ಊರಿನವರ ಕುರಿಗೆಲ್ಲ ಬೇನೆ ಬರುತ್ತಿತ್ತು, ನನ್ನವು ಮಾತ್ರ ಗಟ್ಟಿ. ನನ್ನ ದೈವ ಚಲೋ ಇದೆ ಎಂದೇ ನಂಬಿದ್ದೆ.

ಕುರಿ ನೋಡುವ ನೆಪದಲ್ಲಿ ಆಗಾಗ ತವರಿಗೆ ಹೋಗುತ್ತಿದ್ದೆ. ಕುರಿ ಕೂಡುವ ದಡ್ಡಿಯ ಮುಳ್ಳುಬೇಲಿಯ ಹತ್ತಿರ ಹೋದರೆ ಸಾಕು, ಅವ್ವ ಒಳಗಿನಿಂದಲೇ ಕೂಗುತ್ತಿದ್ದಳು: "ಒಳಗ ಬರಬ್ಯಾಡ, ಸೀರಿ ಹೊಲಸಾಗತೈತಿ!" ಒಂದೊಂದೇ ಕುರಿಯ ಎಡಗಿವಿ ಎತ್ತಿ ದೂರದಿಂದಲೇ ತೋರಿಸುತ್ತಿದ್ದಳು. ಆಮೇಲೆ ಕಟ್ಟೆಯ ಮೇಲೆ ಕೂತು ಚಾ ಕುಡಿಯುತ್ತಿದ್ದೆವು. ಏನು ಮಾತಾಡಿದೆವೋ ಈಗ ನೆನಪಿಲ್ಲ, ಆ ಚಾ ಮಾತ್ರ ಬೇಕು ಅನ್ನಿಸುತ್ತದೆ.

ಅವ್ವ ತೀರಿಕೊಂಡ ಮೇಲೆ ಹಿಂಡು ಅಣ್ಣನ ಕೈಗೆ ಹೋಯಿತು. ಆ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಅಣ್ಣ ಮೋಟರ್‌ಸೈಕಲ್ ಮೇಲೆ ಬಂದ. ಜೇಬಿನಿಂದ ಕಾಗದದ ಪುಡಿಕೆ ತೆಗೆದು ಹೊಸ್ತಿಲ ಮೇಲಿಟ್ಟ. ಒಳಗೆ ಕಚ್ಚು ಹಾಕಿದ ಎಡಗಿವಿ.

"ಬ್ಯಾನಿ ಬಂತು ತಂಗಿ. ಡಾಕ್ಟರ್‌ನ ಕರಸಿದ್ನಿ. ಉಳೀಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಅವ್ವ ಇದ್ದಾಗ ಒಂದೂ ಸಾಯಲಿಲ್ಲ. ನಿನ್ನ ಕೈಗೆ ಬಂದ ಕೂಡಲೇ ಸಾಯಾಕತ್ತಾವಲ್ಲೋ ಅಣ್ಣಾ?"

ಅವನು ಚಾ ಕುಡಿದು ಹೋದ. ಮರುವರ್ಷ ಇನ್ನೊಂದು ಪುಡಿಕೆ ತಂದ.

ಅಷ್ಟರಲ್ಲಿ ನಾನು ಸಾಲದಲ್ಲಿ ಬಿದ್ದಿದ್ದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಮಗಳಿಗೆ ಬುದ್ಧಿ ಹೇಳುವ ನಾನು, ಬಸ್‌ಸ್ಟ್ಯಾಂಡ್ ಹತ್ತಿರ ಅಂಗಡಿ ಹಿಡಿದು, ನಮ್ಮ ಹೆಂಗಸರ ಉಳಿತಾಯದ ಗುಂಪು ಬಚತ್ ಗಟದಿಂದ ಸಾಲ ತೆಗೆದು, ಸೀರೆಗೆ ಫಾಲ್-ಪಿಕೋ ಮಾಡುವ ದೊಡ್ಡ ಮೆಷಿನ್ ತಂದಿದ್ದೆ. ಕೆಲವೇ ತಿಂಗಳಿಗೆ ಅದೇ ರಸ್ತೆಯಲ್ಲಿ ಅಂಥವೇ ಇನ್ನೆರಡು ಅಂಗಡಿ ಎದ್ದವು. ನಾನು ಸಾಲದ ಹಪ್ತೆ ತಪ್ಪಿಸಿದರೆ ಗಟದ ಉಳಿದ ಹೆಂಗಸರು ತುಂಬಬೇಕು. ಅವರೂ ನನ್ನ ಹಾಗೆ ಸೆರಗಿನ ಗಂಟಿನವರೇ. ಸಂತೆಯಲ್ಲಿ ಅವರ ಮುಖ ತಪ್ಪಿಸಿ ನಡೆಯುವುದು ನನ್ನಿಂದ ಆಗದ ಮಾತಾಗಿತ್ತು.

"ಕುರಿ ಮಾರಿಬಿಡು" ಅಂದ ಗಂಡ. "ಹೆಂಗೂ ಸಾಯಾಕತ್ತಾವ."

ಮಾತು ಸರಿಯೇ. ಆದರೆ ಅವ್ವ ಇಲ್ಲದ ತವರಿಗೆ ಹೋಗಲು ನನಗೆ ಉಳಿದ ನೆಪ ಅವೇ. ಕುರಿಯೂ ಹೋದರೆ ಯಾವ ಮೋರೆ ಇಟ್ಟುಕೊಂಡು, ಏನು ಕೇಳಿಕೊಂಡು ಮಾಡಗ್ಯಾಳದ ಬಸ್ ಹತ್ತಲಿ? ಆ ವಾರವೆಲ್ಲ ಬ್ಲೌಸಿನ ತೋಳು ಉಲ್ಟಾ ಹೊಲಿದೆ. ಕೊನೆಗೆ ಎಲ್ಲವನ್ನೂ ಮಾರುವುದೆಂದು ಗಟ್ಟಿ ಮಾಡಿಕೊಂಡು ಹೋದೆ.

ಅಂದು ದಡ್ಡಿಯೊಳಗೆ ಹೋಗುವಾಗ ಬೇಡ ಅನ್ನುವವರು ಇರಲಿಲ್ಲ. ಅಣ್ಣ ಹಿಡಿದುಕೊಟ್ಟ ಹಾಗೆ ನಾನೇ ಕಿವಿ ನೋಡುತ್ತ ಬಂದೆ. ಮರಿಗಳೆಲ್ಲ ಸರಿ ಇದ್ದವು: ಎಡಗಿವಿಗೆ ನನ್ನ ಕಚ್ಚು, ಬಲಗಿವಿ ಇಡಿಯಾಗಿ. ದೊಡ್ಡವು ಮೂರು ಕುರಿ ಮಾತ್ರ ಬೇರೆ. ಅವುಗಳ ಬಲಗಿವಿಯ ತುದಿ ಸೀಳಿತ್ತು. ಅದು ಅವ್ವನ ಸ್ವಂತ ಕುರಿಗಳ ಗುರುತು, ಹುಟ್ಟಿದ ವಾರದಲ್ಲೇ ಹಾಕುವಂಥದ್ದು. ಎಡಗಿವಿಯ ನನ್ನ ಕಚ್ಚು ಬೆಳೆದ ಮೇಲೆ ಹಾಕಿದ್ದು. ಗಾಯ ಮಾಯ್ದ ಜಾಗ ದಪ್ಪಗೆ ಗಂಟುಗಟ್ಟಿತ್ತು.

"ಇವು ಅವ್ವನವು ಅಲ್ಲೇನೋ?"

ಅಣ್ಣ ಕುರಿಯ ಬೆನ್ನು ಸವರುತ್ತ ನಿಂತ. "ಅವ್ವ ಇದ್ದಾಗೂ ನಿನ್ನವು ಸಾಯತಿದ್ದವು ತಂಗಿ. ನಿಂದೊಂದು ಸತ್ತರ ತನ್ನದೊಂದು ಹಿಡದು ನಿನ್ನ ಗುರುತು ಹಾಕತಿದ್ಲು. ನನಗ ಆಣಿ ಹಾಕಿದ್ಲು, ಆಕಿಗೆ ಹೇಳಬ್ಯಾಡ ಅಂತ."

"ಯಾಕ?"

"ಕುರಿ ಕಡಿಮಿ ಆದ್ರ ಆಕಿ ಬರೂದೂ ಕಡಿಮಿ ಆಗತೈತಿ ಅಂತಿದ್ಲು."

ನಾನು ಕುರಿಯ ನೆಪ ಮಾಡಿಕೊಂಡು ಅವ್ವನನ್ನು ನೋಡಲು ಹೋಗುತ್ತಿದ್ದೆ. ನಾನು ಬರಲೆಂದು ಅವ್ವ ಕುರಿ ಕೂಡಿಸಿ ಇಡುತ್ತಿದ್ದಳು. ಇಬ್ಬರಲ್ಲಿ ಒಬ್ಬರಾದರೂ ಬಾಯಿಬಿಟ್ಟು ಹೇಳಿದ್ದರೆ ಏನಾಗುತ್ತಿತ್ತು! ಅಲ್ಲೇ ಹಿಕ್ಕೆಯ ಮೇಲೆ ಕೂತು ಅತ್ತುಬಿಟ್ಟೆ. ಸೀರೆ ಹೊಲಸಾಯಿತು.

ಮರಿಗಳನ್ನು ಆ ವಾರದ ಸಂತೆಯಲ್ಲಿ ಮಾರಿದೆವು. ಮಾಡಗ್ಯಾಳದ ಟಗರಿಗೆ ಲಕ್ಷ ಬಂತು ಎಂದು ಮೊಬೈಲಿನಲ್ಲಿ ತೋರಿಸುವವರ ಟಗರು ಯಾವುದೋ, ನಮಗೆ ಅಂಥ ರೇಟೇನೂ ಬರಲಿಲ್ಲ. ಅರ್ಧ ಸಾಲ ತೀರಿತು. ಜೋಡು ಗುರುತಿನ ಮೂರನ್ನು ಮಾರಲು ಮನಸ್ಸಾಗಲಿಲ್ಲ. ಇವು ನಿನ್ನವೇ, ನೀನೇ ಇಟ್ಟುಕೋ ಎಂದರೆ ಅಣ್ಣ ಒಪ್ಪಲಿಲ್ಲ. "ಅವ್ವ ಹಾಕಿದ ಗುರುತ ನಾ ಅಳಿಸಲೇನು?" ಅಂದ. ಉಳಿದ ಸಾಲವನ್ನು ಅಂಗಡಿ ಬಿಟ್ಟು, ಮೆಷಿನ್ ಮನೆಗೆ ತಂದು, ಸೀರೆಗೆ ಫಾಲ್ ಹಚ್ಚಿ ಹಚ್ಚಿ ತೀರಿಸಿದೆ. ಗಟದ ಹೆಂಗಸರ ಮುಖ ನೋಡಿ ಮಾತಾಡುವಷ್ಟು ಮರ್ಯಾದೆ ಉಳಿಯಿತು.

ಈಗ ಅಣ್ಣನಿಗೆ ಫೋನ್ ಮಾಡಿದಾಗಲೆಲ್ಲ ಕೇಳುತ್ತೇನೆ, ಮೂರೂ ಅದಾವೇನು ಎಂದು. "ಅದಾವ, ಚಲೋ ಅದಾವ" ಅನ್ನುತ್ತಾನೆ. ಅವುಗಳಲ್ಲಿ ಒಂದಕ್ಕೆ ಆಗಲೇ ಹಲ್ಲು ಉದುರಿದ್ದವು. ಕುರಿ ಎಷ್ಟು ದಿನ ಬದುಕುತ್ತದೆ ಎಂಬುದು ಕುರಿ ಕಾಯುವವರ ಮಗಳಾದ ನನಗೆ ಗೊತ್ತಿಲ್ಲವೇ?

ಮೊನ್ನೆ ಪಂಚಮಿಗೆ ಹೋಗಿದ್ದೆ. ದಡ್ಡಿಯ ಹತ್ತಿರ ಹೋಗುತ್ತಿದ್ದಂತೆ ಅಣ್ಣ ಓಡಿಬಂದು ಅಡ್ಡ ನಿಂತ. "ಒಳಗ ಬರಬ್ಯಾಡ, ಸೀರಿ ಹೊಲಸಾಗತೈತಿ."

ನಾನು ಬೇಲಿಯ ಹೊರಗೇ ನಿಂತೆ. ಅವನು ಒಂದೊಂದೇ ಎಡಗಿವಿ ಎತ್ತಿ ತೋರಿಸಿದ. ಮೂರನೆಯದು ಎಳೆಯ ಕುರಿ. ಕಿವಿಯ ಕಚ್ಚಿಗೆ ಮೆತ್ತಿದ ಅರಿಸಿನ ಇನ್ನೂ ಹಸಿಯಾಗಿತ್ತು.

"ಮೂರೂ ಚಲೋ ಅದಾವಣ್ಣಾ" ಅಂದೆ. "ಚಾ ಕುಡಿಯೂಣು ಬಾ."